ಪಿಕಪ್ಪಿನ ಎಡಗಡೆಯ ಸೀಟು

ಜುಲೈ ೩, ಗುರುವಾರ

ನಮ್ಮ ಪಿಕಪ್ಪಿನ ಸ್ಟೀರಿಯೋ ಮಾತನ್ನು ನುಂಗುತ್ತದೆ. ಇಲ್ಲಿ ಬರೆಯುತ್ತಿರುವುದು ಯಾಕೆಂದರೆ ಮನೆಯಲ್ಲಿ ಹೇಳಿ ಪ್ರಯೋಜನವಿಲ್ಲ. "ಹಾಡು ಬರ್ತದಲ್ಲ ಸತ್ಯಾ, ಸಾಕಲ್ಲ" ಎನ್ನುತ್ತಾರೆ ಇವರು. ಹಾಡು ಯಾರಿಗೆ ಬೇಕು? ನನಗೆ ಬೇಕಾದದ್ದು ಅಕ್ಷರ.

ಮಳೆಗಾಲದ ಆಟಿ ತಿಂಗಳ ವಾಚನಕ್ಕೆ ಇನ್ನು ಎರಡು ವಾರ. ದೇವಸ್ಥಾನದ ಚಾವಡಿಯಲ್ಲಿ ಸಂಜೆ ರಂಜಿನಿ ಕಾವ್ಯದ ಪದ್ಯಗಳನ್ನು ರಾಗವಾಗಿ ಓದುತ್ತಾಳೆ, ನಾನು ಒಂದೊಂದಕ್ಕೂ ಅರ್ಥ ಹೇಳುತ್ತೇನೆ. ರಂಜಿನಿ ಇವರ ತಮ್ಮನ ಮಗಳು, ಬಲ್ಮಠದಲ್ಲಿ ಸಂಗೀತ ಕಲಿಸುತ್ತಾಳೆ. ಅವಳಿಗಿಂತ ಮೊದಲು ಬೇರೆಯವರು ಓದುತ್ತಿದ್ದರು. ಅರ್ಥ ಹೇಳುವ ಮಣೆ ಮಾತ್ರ ಇಪ್ಪತ್ತು ವರ್ಷಗಳಿಗೂ ಮೇಲೆ ನನ್ನದೇ. ಈ ಸಲ ಆ ಮಣೆ ಅಲುಗಾಡುತ್ತಿದೆ. ನಿನ್ನೆ ಸಮಿತಿಯ ಕಾರ್ಯದರ್ಶಿ ಬೋಜಣ್ಣ ಮನೆಗೇ ಬಂದು, ಚಾ ಕುಡಿದು, ಎದ್ದು ನಿಂತ ಮೇಲೆ ವಿಷಯ ತೆಗೆದರು.

"ಮೊದಲ ಹತ್ತು ದಿನ ನೀವೇ ಮಾಡಿ ಅಕ್ಕ. ಮತ್ತೆ ನೋಡುವ. ಶ್ರೀನಂದನ ಅಂತ ಒಬ್ಬರಿದ್ದಾರೆ, ಕಾಲೇಜಿನಲ್ಲಿ ಸಂಸ್ಕೃತ ಕಲಿಸುವವರು. ಅವರೂ ಆಗಬಹುದು ಅಂತ ಕೆಲವರು ಹೇಳ್ತಾರೆ."

ಕೆಲವರೆಂದರೆ ಯಾರು ಎಂದು ಕೇಳಿದೆ. ಕೊಡೆ ಬಿಡಿಸುತ್ತಾ ಏನೋ ಗೊಣಗಿದರು. ಈ ಊರಿನಲ್ಲಿ ಮುಖ್ಯವಾದದ್ದನ್ನೆಲ್ಲ ಕೊಡೆ ಬಿಡಿಸುತ್ತಲೇ ಹೇಳುವುದು.

ಹಾಗಾಗಿ ಈ ವರ್ಷ ಒಂದು ತಪ್ಪೂ ಆಗಬಾರದು. ರಂಜಿನಿ ಓದಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಜೆಪ್ಪುವಿನ ನಮ್ಮ ನರ್ಸರಿಯ ಗಿಡ ಹೇರಿಕೊಂಡು ನಾನು ಊರು ಸುತ್ತುವ ಹೊತ್ತೇ ನನ್ನ ಅಭ್ಯಾಸದ ಹೊತ್ತು. ಇವರು ಪಕ್ಕದಲ್ಲಿ ಕೂತಿರುತ್ತಾರೆ. ಓಡಿಸುವುದು ನಾನೇ, ಯಾಕೆಂದರೆ ಇವರು ಓಡಿಸಿದರೆ ಜೆಪ್ಪುವಿನಿಂದ ಹೊರಟ ಮೊಗ್ಗು ಗಿರಾಕಿಯ ಮನೆ ಮುಟ್ಟುವಾಗ ಹಣ್ಣಾಗಿರುತ್ತದೆ. ಆದರೆ ಇಂದು ಇಡೀ ದಾರಿ ನನಗೆ ಕೇಳಿದ್ದು ರಾಗ ಮಾತ್ರ. ಪದ್ಯ ಎಲ್ಲಿ ಹೋಯಿತು?

ಜುಲೈ ೫, ಶನಿವಾರ

ಅತ್ತಾವರದ ಇಳಿಜಾರಿನಲ್ಲಿ ನೂರ್ ಮುಹಮ್ಮದನ ಅಂಗಡಿ. ವಾಹನಗಳಿಗೆ ಸ್ಟೀರಿಯೋ ಕೂರಿಸುತ್ತಾನೆ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತ. ನಾನು ಕಾಲೇಜಿನ ಲೈಬ್ರರಿಯಲ್ಲಿದ್ದಾಗ ಅಲ್ಲಿ ಬಿ.ಕಾಂ. ಮಾಡುತ್ತಿದ್ದನಂತೆ. ನನಗೂ ನೆನಪಾಯಿತು, ಓದಲು ಬಂದ ನೆನಪಲ್ಲ.

"ಎಷ್ಟು ಸಲ ಹೊರಗೆ ಹಾಕಿದ್ದೀರಿ ಮೇಡಂ. ಮೂರನೇ ಕಪಾಟಿನ ಹಿಂದೆ ಪಿಸುಪಿಸು ಮಾತಾಡಿದ್ದು ನಿಮ್ಮ ಮೇಜಿಗೆ ಕೇಳ್ತಿತ್ತು."

"ಪಿಸುಪಿಸು ಅಲ್ಲ, ಕ್ರಿಕೆಟ್ ಸ್ಕೋರು."

"ಅದೂ ನೆನಪುಂಟಾ?" ಎಂದು ಇವರ ಕಡೆ ನೋಡಿ ನಕ್ಕ. ಇವರೂ ನಕ್ಕರು. ಗಂಡಸರು ಬೇಗ ಒಂದಾಗುತ್ತಾರೆ.

ಪಿಕಪ್ಪಿನ ಒಳಗೆ ಕೂತು ಅದನ್ನು ಹಾಕಿ ನೋಡಿದ. ಕಂಪನಿಯಿಂದಲೇ ಬಂದ ಸ್ಟೀರಿಯೋ, ಗಾಡಿಯಷ್ಟೇ ಹಳತು. ಸ್ಪೀಕರಿನ ಕಾಗದ ಹರಿದಿರಬೇಕು, ಈ ಊರಿನ ತೇವಕ್ಕೆ ಯಾವುದೂ ಉಳಿಯುವುದಿಲ್ಲ ಎಂದ. ಆಮೇಲೆ ನನ್ನನ್ನು ಒಳಗೆ ಕರೆದು ನೀರಿನ ಕೊಡದಷ್ಟು ದೊಡ್ಡದೊಂದು ಸ್ಪೀಕರಿನ ಡಬ್ಬ ತೋರಿಸಿದ. ಸೀಟಿನ ಹಿಂದೆ ಇಟ್ಟರೆ ಎದೆ ನಡುಗುತ್ತದಂತೆ.

"ನನ್ನ ಎದೆ ನಡುಗಿಸಲು ದೇವಸ್ಥಾನದ ಸಮಿತಿ ಉಂಟು. ನನಗೆ ಅಕ್ಷರ ಕೇಳಬೇಕು."

"ಹಾಗಾದರೆ ಟ್ವೀಟರ್ ಹಾಕುವ" ಎಂದು ಉದ್ದಿನವಡೆಯಷ್ಟು ಸಣ್ಣ ಸ್ಪೀಕರು ತೆಗೆದ. "ದೊಡ್ಡದು ಬಾಗಿಲಿನಲ್ಲಿ, ಇದು ಕನ್ನಡಿಯ ಹತ್ತಿರ. ಸ, ಶ ಎಲ್ಲ ಇದರಲ್ಲೇ ಬರುವುದು ಮೇಡಂ."

ಸ ಮತ್ತು ಶ ಬೇರೆ ಬೇರೆ ಎಂದು ತಿಳಿದ ಒಬ್ಬನಾದರೂ ಊರಿನಲ್ಲಿದ್ದಾನಲ್ಲ ಎಂದು ಒಪ್ಪಿದೆ.

ಜುಲೈ ೭, ಸೋಮವಾರ

ಇಡೀ ಬೆಳಗ್ಗೆ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಳೆದೆ. ಬಾಗಿಲಿನ ಹೊದಿಕೆ ಕಿತ್ತಾಗ ಒಳಗಿಂದ ಮಳೆನೀರು ಸುರಿಯಿತು. ಸ್ಪೀಕರಿನ ಕಾಗದ ನೆನೆದ ಹಪ್ಪಳದಂತೆ ಕೈಗೆ ಬಂತು. ಕಿತ್ತ ಕ್ಲಿಪ್ಪುಗಳಲ್ಲಿ ಅರ್ಧ ಮುರಿದವು. "ಹಳೆ ಪ್ಲಾಸ್ಟಿಕ್" ಎಂದ, ಪ್ಲಾಸ್ಟಿಕ್ಕಿನದೇ ತಪ್ಪು ಎಂಬಂತೆ.

ಹಳೆಯ ಸ್ಟೀರಿಯೋ ಹೊರಬಂದ ಮೇಲೆ ಅಲ್ಲೊಂದು ಸೊಟ್ಟ ಗುಂಡಿ. ಹೊಸದು ಚೌಕ. ಸುತ್ತ ಉಳಿದ ಸಂದಿಗೆ ಕಪ್ಪು ಚೌಕಟ್ಟು ಕೂರಿಸಿದ. ಹಳೆಯ ಪ್ಲಗ್ಗಿಗೂ ಹೊಸ ಪ್ಲಗ್ಗಿಗೂ ಸಂಬಂಧವೇ ಇಲ್ಲದ ಕಾರಣ ವೈರುಗಳನ್ನು ಕತ್ತರಿಸಿ ಒಂದೊಂದಾಗಿ ಜೋಡಿಸಬೇಕಾಯಿತು. ವೈರುಗಳಿಗೆ ಬಣ್ಣವೇ ಉಳಿದಿಲ್ಲ, ಎಲ್ಲವೂ ಕಷಾಯದ ಕಂದು. ಅವನು ಬ್ಯಾಟರಿ ಮುಟ್ಟಿಸಿ ಮುಟ್ಟಿಸಿ ಯಾವುದು ಯಾವ ಸ್ಪೀಕರಿನದೆಂದು ಹುಡುಕುತ್ತಿದ್ದ. ಒಂದು ಕಾಲದಲ್ಲಿ ಕೊಂಡ ವಸ್ತುವಿನ ಜೊತೆ ನಕ್ಷೆ ಕೊಡುತ್ತಿದ್ದರು. ಅಪ್ಪ ತಂದ ರೇಡಿಯೋದ ಹಿಂಬದಿಯ ಹಲಗೆಗೇ ಅದರ ನಕ್ಷೆ ಅಂಟಿಸಿತ್ತು, ನಾನದನ್ನು ನೋಡಿ ಬಿಡಿಸಿಯೂ ಇದ್ದೆ.

ಈಗ ಫೋನಿನಿಂದ ತಂತಿಯಿಲ್ಲದೆ ನೇರ ಕೇಳುತ್ತದೆ. ರಂಜಿನಿಯನ್ನು ಹಾಕಿ ಮನೆಗೆ ಬಂದೆವು. "ಎಂತ ಸ್ಪಷ್ಟ" ಎಂದರು ಇವರು.

ನನಗೆ ಹಾಗೆ ಅನಿಸಲಿಲ್ಲ. ಹೊಸದಾದ್ದರಿಂದ ಒಗ್ಗಬೇಕೇನೋ.

ಜುಲೈ ೧೦, ಗುರುವಾರ

ಒಗ್ಗಲಿಲ್ಲ. ಪುನಃ ಹೋದೆ. ನೂರ್ ಅರ್ಧ ಗಂಟೆ ಕೆಳಗೆ ತಲೆ ಹಾಕಿ ಮಲಗಿ ನೋಡಿ, ಎದ್ದು ಬಂದು ತಲೆ ಕೆರೆದುಕೊಂಡ.

"ಒಂದು ಸ್ಪೀಕರಿನ ವೈರು ಉಲ್ಟಾ ಆಗಿದೆ ಮೇಡಂ. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುವುದು. ಇಬ್ಬರೂ ಸೇರಿ ಮಾತನ್ನು ಸಾಯಿಸುವುದು."

"ಕೊಟ್ಟದ್ದು ಯಾರು ವೈರು?"

"ನಾನೇ. ಬೈಯಿರಿ."

ಬೈದೆ. ಅವನು ಸರಿಮಾಡಿದ. ಅವನಿಗೆ ಕೇಳಿತು, ಇವರಿಗೆ ಕೇಳಿತು, ಪಕ್ಕದ ಟಯರ್ ಅಂಗಡಿಯವರೂ ಬಂದು ತಲೆಯಾಡಿಸಿ ಹೋದರು. ದೋಷವಿತ್ತು ಎಂದು ಕೊನೆಗೂ ಸಾಬೀತಾಯಿತು. ನಾನು ಮೊದಲಿಂದ ಹೇಳಿದ್ದೂ ಅದನ್ನೇ.

ಆದರೆ ವಾಪಸು ಬರುವಾಗ, ಗಾಜು ಮಬ್ಬಾಗದಿರಲೆಂದು ನನ್ನ ಕಡೆಯ ಕಿಟಕಿ ಸ್ವಲ್ಪ ಇಳಿಸಿದ್ದೆ, ಬಸ್ಸುಗಳ ಸದ್ದಿನಲ್ಲಿ ಪದ್ಯದ ಕೊನೆಗಳೆಲ್ಲ ಮತ್ತೆ ಕರಗಿಹೋದವು. ದೋಷ ಹೋದ ಮೇಲೆಯೂ ದೋಷ ಉಳಿಯುವುದು ಹೇಗೆ?

ಜುಲೈ ೧೪, ಸೋಮವಾರ

ಈ ಕಾಲದವರು ಸಕಾರವನ್ನು ಉಚ್ಚರಿಸುವುದನ್ನೇ ಬಿಟ್ಟಿದ್ದಾರೆ. ರೇಡಿಯೋದವರು, ಬಸ್ಸಿನ ಕಂಡಕ್ಟರರು, ಔಷಧಿ ಅಂಗಡಿಯವರು, ಎಲ್ಲರೂ ಬಾಯಿಯಲ್ಲಿ ಹತ್ತಿ ಇಟ್ಟುಕೊಂಡಂತೆ. ಫೋನನ್ನು ಎಡಗೈಯಲ್ಲಿ ಹಿಡಿದರೆ ಏನೂ ಕೇಳಿಸದು, ಅದೂ ಹಾಳಾಗಿದೆ. ಇವರು ಸಹ ಈಗೀಗ ತೀರಾ ಗೊಣಗುತ್ತಾರೆ. ಬೆಳಗ್ಗೆ ಪಿಕಪ್ಪಿನಲ್ಲಿ ಏನೋ ಹೇಳಿದರು. ಏನೆಂದೆ. ಮತ್ತೆ ಹೇಳಿದರು. ಮೂರನೇ ಸಲಕ್ಕೆ "ಎಂತ ಇಲ್ಲ" ಎಂದು ಹೊರಗೆ ನೋಡುತ್ತಾ ಕೂತರು.

ರಾತ್ರಿ ಊಟಕ್ಕೆ ಎದುರೆದುರು ಕೂತಾಗ ಸರಿಯಾಗಿಯೇ ಬಾಯಿಬಿಟ್ಟರು. "ಸತ್ಯಾ, ಅತ್ತಾವರದಲ್ಲಿ ಕಿವಿಯ ಡಾಕ್ಟರ್ ಇದ್ದಾರೆ. ಒಮ್ಮೆ ತೋರಿಸುವ."

"ಯಾರ ಕಿವಿ?"

ಅವರು ಸಾರಿನ ಸೌಟಿಗೆ ಕೈ ಹಾಕಿದರು. ನನ್ನ ಕಿವಿಗೇನಾಗಿದೆ? ಆಚೆಮನೆಯ ಗೇಟು ತೆಗೆದದ್ದು ನನಗೆ ಒಳಕೋಣೆಯಲ್ಲಿ ಕೇಳುತ್ತದೆ. ಮೂವತ್ತೈದು ವರ್ಷ ಪಿಸುಮಾತು ಹಿಡಿದೇ ಸಂಬಳ ತೆಗೆದುಕೊಂಡವಳು ನಾನು. ವೈರು ಉಲ್ಟಾ ಕೊಟ್ಟವನನ್ನು ಬಿಟ್ಟು ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರಂತೆ.

ಜುಲೈ ೧೭, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಇಡಬೇಕು.

ಮೊದಲ ದಿನ. ಚಾವಡಿ ತುಂಬಿತ್ತು, ಶ್ರೀನಂದನರೂ ಕಂಬದ ಹತ್ತಿರ ಕೂತಿದ್ದರು. ನೋಡಲು ಒಳ್ಳೆಯ ಹುಡುಗ, ಅದು ಬೇರೆ ಮಾತು. ಗರ್ಭಗುಡಿಯ ಕಡೆಗೆ ಅರ್ಥ ಹೇಳುವವರ ಮಣೆ, ಅದರ ಎಡಗಡೆಗೆ ಓದುವವರ ಮಣೆ. ಇದು ನಾನು ಬರುವ ಮೊದಲಿನಿಂದ ಬಂದ ಕ್ರಮ. ಪೂಜೆ ತಡವಾಗಿತ್ತು. ಶುರುವಾಗುವ ಮುಂಚೆ ರಂಜಿನಿ ಬಗ್ಗಿ ಏನೋ ಹೇಳಿದಳು. ನಾನು ತಲೆಯಾಡಿಸಿದೆ.

ನಾಲ್ಕು ಪದ್ಯ ಸರಿಯಾಗಿಯೇ ಹೋಯಿತು. ಐದನೆಯದನ್ನು ಅವಳು ಮುಗಿಸಿದಾಗ ನಾನು ಅರ್ಥಕ್ಕೆ ಇಳಿದೆ. ರಾಜ ಬೇಟೆಗೆ ಹೊರಟದ್ದು, ದಾರಿಯಲ್ಲಿ ಕಾಡು, ಕಾಡಿನ ವರ್ಣನೆ. ಚೆನ್ನಾಗಿಯೇ ಹೇಳುತ್ತಿದ್ದೆ. ಮುಂದಿನ ಸಾಲಿನ ಅಜ್ಜಿಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಂಜಿನಿ ನನ್ನ ಮೊಣಕೈ ಮುಟ್ಟಿದಳು. ಬೋಜಣ್ಣ ಮೈಕಿನ ಪೆಟ್ಟಿಗೆಯ ಹತ್ತಿರ ನಿಂತು ನೆಲ ನೋಡುತ್ತಿದ್ದರು.

ಬೇಟೆಯ ಪದ್ಯಗಳನ್ನು ಅವಳು ಓದಲೇ ಇರಲಿಲ್ಲ. ತಡವಾದ್ದರಿಂದ ಬಿಟ್ಟು ಮುಂದೆ ಹೋಗಿದ್ದಳು. ಅವಳು ಓದಿದ್ದು ರಾಜ ಅರಮನೆಗೆ ಮರಳಿ ಬಂದದ್ದು. ನಾನು ಅವನನ್ನು ಮತ್ತೆ ಕಾಡಿಗೆ ಕಳಿಸಿದ್ದೆ. ಓದದ ಪದ್ಯಕ್ಕೆ ಅರ್ಥ ಹೇಳಿದ್ದೆ, ಎಲ್ಲರೆದುರು, ಬಾಯಿಪಾಠದ ಬಲದಲ್ಲಿ.

"ಹೇಳಿದ್ದೆನಲ್ಲ ದೊಡ್ಡಮ್ಮ, ಬಿಡ್ತೇನೆ ಅಂತ" ಎಂದಳು ಆಮೇಲೆ, ಮೆಲ್ಲಗೆ. ಅಳುವ ಹಾಗಿದ್ದಳು.

ಮೈಕಿನವರು ನನ್ನ ಕಡೆಗೆ ಒಂದು ಸ್ಪೀಕರನ್ನೂ ತಿರುಗಿಸಿರಲಿಲ್ಲ. ಬೋಜಣ್ಣನಿಗೆ ಅದನ್ನೇ ಹೇಳಿದೆ. "ಆಯ್ತು ಅಕ್ಕ" ಎಂದರು. ಅಷ್ಟು ಬೇಗ ಒಪ್ಪಿದ್ದೇ ಸರಿ ಕಾಣಲಿಲ್ಲ.

ಜುಲೈ ೧೮, ಶುಕ್ರವಾರ

ಇಂದು ರಂಜಿನಿಯ ತುಟಿಗಳನ್ನೇ ನೋಡುತ್ತಾ ಕೂತೆ. ತಪ್ಪಾಗಲಿಲ್ಲ. ಕುತ್ತಿಗೆ ನೋಯುತ್ತಿದೆ.

ಜುಲೈ ೨೧, ಸೋಮವಾರ

ನರ್ಸರಿಯಲ್ಲಿ ಒಡೆದ ಕುಂಡದ ಚೂರು ತುಳಿದೆ. ಬಲಗಾಲಿಗೆ ಪಟ್ಟಿ. ಪೆಡಲ್ ಒತ್ತುವ ಹಾಗಿಲ್ಲ. ಇವರು ಓಡಿಸಿದರು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮ ಪಿಕಪ್ಪಿನ ಎಡಗಡೆಯ ಸೀಟಿನಲ್ಲಿ ಕೂತೆ. ಮೋರ್ಗನ್ಸ್‌ಗೇಟಿನವರೆಗೆ ನಡೆದುಕೊಂಡು ಹೋಗುವವರು ನಮ್ಮನ್ನು ದಾಟುತ್ತಿದ್ದರು.

ಆಗ ಸ್ಟೀರಿಯೋ ಹಾಕಿದೆ.

ಪ್ರತಿಯೊಂದು ಅಕ್ಷರ. ಪದ್ಯದ ಕೊನೆ, ಒತ್ತಕ್ಷರ, ರಂಜಿನಿ ಉಸಿರು ತೆಗೆದುಕೊಳ್ಳುವುದು. ಒಂದು ಕಡೆ ಅವಳ ಮನೆಯ ಕುಕ್ಕರು ಸೀಟಿ ಹಾಕಿದ್ದೂ ಅದರಲ್ಲಿತ್ತು. ಇವರು "ಮಳೆ ಬಿಡುವ ಲಕ್ಷಣ ಇಲ್ಲ" ಎಂದದ್ದು ಒಂದೇ ಸಲಕ್ಕೆ ಕೇಳಿತು. ಗೊಣಗಾಟವೇ ಇಲ್ಲ.

ವಿಷಯ ಸ್ಪಷ್ಟ. ಒಳ್ಳೆಯ ಸ್ಪೀಕರನ್ನು ಎಡಗಡೆಗೆ ಹಾಕಿ, ಕೆಟ್ಟದ್ದನ್ನು ಓಡಿಸುವವರ ಕಡೆಗೆ ಹಾಕಿದ್ದಾನೆ. ಓಡಿಸುವವರು ಗಂಡಸು, ಗಂಡಸಿಗೆ ಎದೆ ನಡುಗಿದರೆ ಸಾಕು ಎಂದು ಎಣಿಸಿರಬೇಕು.

ಜುಲೈ ೨೩, ಬುಧವಾರ

ನೂರ್ ಆಣೆ ಹಾಕಿದ, ಎರಡೂ ಒಂದೇ ಡಬ್ಬದಿಂದ ಬಂದದ್ದೆಂದು. ಹಾಗಾದರೆ ಅದಲು ಬದಲು ಮಾಡು ಎಂದೆ. ಮಾಡಿದ. ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ. ಮತ್ತೆ ಕ್ಲಿಪ್ಪು ಮುರಿಯಿತು.

ಕುಂಟುತ್ತಾ ಹೋಗಿ ಓಡಿಸುವ ಸೀಟಿನಲ್ಲಿ ಕೂತೆ. ದಾರಿಯಲ್ಲಿರುವ ಹಾಗೆಯೇ ನನ್ನ ಕಡೆಯ ಕಿಟಕಿ ಇಳಿಸಿ ಎಂಜಿನ್ ಚಾಲೂ ಇಡಲು ಇವರು ಹೇಳಿದರು. ಮೊದಲಿನ ಹಾಗೆಯೇ ಮಬ್ಬು. ಎಡಗಡೆ ಹೋಗಿ ಕೂತೆ. ಸ್ಪಷ್ಟ. ಕೆಟ್ಟ ಸ್ಪೀಕರು ಎಡಗಡೆ ಬಂದ ಕೂಡಲೇ ಒಳ್ಳೆಯದಾಯಿತು.

"ಸ್ಪೀಕರ್ ಬದಲಾಯಿಸಿದೆ ಮೇಡಂ. ಇನ್ನು ಸ್ಟೇರಿಂಗನ್ನೇ ಆಚೆ ಹಾಕಬೇಕಾ?" ಎಂದ ನೂರ್. ಅವನೂ ಬೆವರಿದ್ದ. ವೈರಿನ ಅರ್ತಿಂಗ್ ಸಮಸ್ಯೆ ಇರಬಹುದು ಎಂದ. ಬಾಗಿಲಿನ ತಗಡು ಇರಬಹುದು ಎಂದ. ಕೊನೆಗೆ ಈ ಕಂಪನಿಯ ಪಿಕಪ್ಪುಗಳ ಜಾತಕವೇ ಹೀಗೆ ಎಂದ. ಇವರು ಅವನನ್ನು ಸ್ವಲ್ಪ ಬದಿಗೆ ಕರೆದುಕೊಂಡು ಹೋಗಿ ಮಾತಾಡಿದರು. ಏನೆಂದು ನನಗೆ ಕೇಳಲಿಲ್ಲ, ರಸ್ತೆಯ ಸದ್ದು. ಬಂದವನು ಹೆಚ್ಚು ವಾದ ಮಾಡದೆ ಸ್ಟೀರಿಯೋದ ಗುಂಡಿ ಒತ್ತಿ ಏನೋ ಸರಿಸಿದ.

"ಈಗ ಶಬ್ದ ಎಲ್ಲ ನಿಮ್ಮ ಬಲಗಡೆಯ ಬಾಗಿಲಿಂದಲೇ ಬರ್ತದೆ. ಎಡಗಡೆ ಬಂದ್. ಈಚೆ ಬಂದು ಕೂತು ನೋಡಿ."

ನೋಡಿದೆ. ಕೇಳಿತು. ಇಷ್ಟು ಸಣ್ಣ ಕೆಲಸಕ್ಕೆ ಮೂರು ವಾರ.

"ಅವರಿಗೆ ಆಚೆ ಏನೂ ಕೇಳಲಿಕ್ಕಿಲ್ಲ" ಎಂದ ನೂರ್, ಇವರನ್ನು ತೋರಿಸಿ.

"ನನಗೆ ಬಾಯಿಪಾಠ ಉಂಟು" ಎಂದರು ಇವರು.

ಯಾವುದು ಬಾಯಿಪಾಠವೋ. ಕೇಳಲಿಲ್ಲ.

ಜುಲೈ ೨೫, ಶುಕ್ರವಾರ

ಕಾಲು ವಾಸಿ. ನಾನೇ ಓಡಿಸಿದೆ. ಇವರು ಇಡೀ ದಾರಿ ನನ್ನ ಕಡೆಗೆ ವಾಲಿ ಕೂತಿದ್ದರು. ಬೆನ್ನು ನೋವಿರಬೇಕು, ಹೇಳುವವರಲ್ಲ.

ಚಾವಡಿಯಲ್ಲಿ ಮಾತ್ರ ಅದೇ ಕತೆ. ಅಲ್ಲಿ ಯಾವ ಗುಂಡಿ ಒತ್ತುವುದು? ಇಂದು ಒಂದು ಪದ್ಯ ಮುಗಿದಿದೆಯೆಂದು ತಿಳಿಯದೆ ಸುಮ್ಮನೆ ಕೂತಿದ್ದೆ. ರಂಜಿನಿ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು, ಬೇಕೆಂದೇ ಓದಿದ ಹಾಗೆ, ರಾಗ ವಿಸ್ತರಿಸಿ. ಜನ ಅದನ್ನು ಸಂಗೀತವೆಂದು ತಿಳಿದರು. ಶ್ರೀನಂದನರು ಹಾಗೆ ತಿಳಿಯಲಿಲ್ಲ ಎಂದು ಅವರ ಮುಖ ಹೇಳಿತು. ನಾಳೆ ಹತ್ತನೆಯ ದಿನ.

ಜುಲೈ ೨೬, ಶನಿವಾರ

ಕಾಲು ತೊಳೆದು ಚಾವಡಿಗೆ ಹತ್ತಿದರೆ ರಂಜಿನಿಯ ಮಣೆ ಜಾಗದಲ್ಲಿರಲಿಲ್ಲ. ಅವಳೇ ಅದನ್ನು ಎತ್ತಿಕೊಂಡು ಹೋಗಿ ನನ್ನ ಮಣೆಯ ಬಲಗಡೆ, ಗರ್ಭಗುಡಿಗೂ ನನಗೂ ನಡುವೆ ಇಟ್ಟು, ಅದರ ಮೇಲೆ ಕೂತೂ ಆಗಿತ್ತು.

ಬೋಜಣ್ಣ ಓಡಿಬಂದರು. "ಇದು ಎಂತ ಮಾರಾಯ್ತಿ, ಓದುವವರು ಆಚೆ ಅಲ್ವಾ? ಯಾವತ್ತಿನಿಂದ ಬಂದ ಕ್ರಮ."

"ಅಲ್ಲಿ ಮಾಡು ಸೋರ್ತದೆ" ಎಂದಳು ರಂಜಿನಿ, ಪುಸ್ತಕ ಬಿಡಿಸುತ್ತಾ.

ಬೋಜಣ್ಣ ತಲೆಯೆತ್ತಿ ಹಂಚು ನೋಡಿದರು. ನಾನೂ ನೋಡಿದೆ. ಎಲ್ಲಿಯೂ ಸೋರುತ್ತಿರಲಿಲ್ಲ. ಕ್ರಮ ತಪ್ಪಿಸುವುದು ನನಗೆ ಸೇರದು, ಎದ್ದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಗಂಟಲು ಸರಿಮಾಡಿಕೊಂಡಳು, ಆ ಸದ್ದು ನನಗೆ ಕೇಳಿತು. ಸುಮ್ಮನಾದೆ.

ಆಮೇಲಿನದ್ದನ್ನು ಹೇಗೆ ಬರೆಯಲಿ? ಅವಳು ಮುಂದಿನ ಪದ್ಯಕ್ಕೆ ಉಸಿರೆಳೆಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಅವಳು ಎಲ್ಲಿ ಒತ್ತಿದಳೋ ಅಲ್ಲಿ ನಾನು ಒತ್ತಿದೆ. ಒಂದು ಪದ್ಯ ಬಿಟ್ಟಳು, ನಾನೂ ಬಿಟ್ಟೆ. ದೂತ ಬಂದು ರಾಣಿಗೆ ಯುದ್ಧದ ಸುದ್ದಿ ಹೇಳುವ ಭಾಗ. ರಾಣಿ ಉತ್ತರ ಕೊಡದೆ ದೀಪದ ಬತ್ತಿಯನ್ನು ಮುಂದೆ ಸರಿಸುತ್ತಾಳೆ. ಅದು ತಿರಸ್ಕಾರ, ದೂತನ ಮಾತಿಗಿಂತ ಅವಳಿಗೆ ಬತ್ತಿಯೇ ದೊಡ್ಡದು ಎಂಬುದು ನಾನು ಪ್ರತಿ ವರ್ಷ ಹೇಳುವ ಅರ್ಥ. ಇಂದು ಅದನ್ನು ಹೇಳಿದಾಗ ಚಾವಡಿಯಲ್ಲಿ ಒಂದು ಕೆಮ್ಮೂ ಇರಲಿಲ್ಲ.

ಮಂಗಳಾರತಿಯ ನಂತರ ಬೋಜಣ್ಣ ಬಂದರು. "ಆಟಿ ಮುಗಿಯುವವರೆಗೆ ನೀವೇ ಅಕ್ಕ. ಶ್ರೀನಂದನರೇ ಹೇಳಿದರು. ಮಣೆಯೂ ಅಲ್ಲೇ ಇರಲಿ, ಮಾಡು ಸೋರುವುದಾದರೆ ಎಂತ ಮಾಡುವುದು." ಕೊಡೆ ಕೈಯಲ್ಲಿರಲಿಲ್ಲ. ನನ್ನ ಮುಂದೆ ಬಂದು ನಿಂತು, ಗಟ್ಟಿಯಾಗಿ, ಒಂದೊಂದೇ ಶಬ್ದವಾಗಿ ಹೇಳಿದರು. ಮಕ್ಕಳಿಗೆ ಹೇಳುವ ಹಾಗೆ. ಸುತ್ತ ಇದ್ದವರೆಲ್ಲ ಹಾಗೆಯೇ ಮಾತಾಡುತ್ತಿದ್ದರು ಎಂದು ಆಗ ಗಮನಿಸಿದೆ. ಯಾವಾಗಿನಿಂದ ಹೀಗೆ?

ಮೆಟ್ಟಿಲಿಳಿಯುವಾಗ ಪಿಕಪ್ಪಿನ ಬೀಗದಕೈ ಇವರ ಕೈಗೆ ಕೊಟ್ಟೆ. ಯಾಕೆಂದು ಕೇಳಲಿಲ್ಲ. ಎಡಗಡೆಯ ಸೀಟಿನಲ್ಲಿ ಕೂತೆ. ಸ್ಟೀರಿಯೋ ಹಾಕಬೇಕೆನಿಸಲಿಲ್ಲ. ಎರಡನೇ ಗೇರಿನಲ್ಲಿ ಅರ್ಧ ದಾರಿ ಬಂದ ಮೇಲೆ ಇವರು ಮಾತಾಡಿದರು, ಎಂದಿನ ಸ್ವರದಲ್ಲಿ, ನನ್ನ ಬಲಗಡೆಯಿಂದ.

"ಎಲ್ಲ ಚಂದ ಆಯ್ತು. ಆ ಬತ್ತಿಯದ್ದು ಮಾತ್ರ ನನಗೆ ಒಪ್ಪಿಗೆ ಇಲ್ಲ."

"ಎಂತ ಒಪ್ಪಿಗೆ ಇಲ್ಲ?"

"ತಿರಸ್ಕಾರ ಅಲ್ಲ ಅದು. ಎದ್ದು ಹೋಗುವವರು ಬತ್ತಿ ಸಣ್ಣ ಮಾಡ್ತಾರೆ. ಮುಂದೆ ಸರಿಸುವುದು ಇನ್ನೂ ಸ್ವಲ್ಪ ಹೊತ್ತು ಕೂರಲಿಕ್ಕೆ. ಬೆಳಕು ಸಾಲದು, ಪೂರ್ತಿ ಹೇಳು, ಅಂತ. ಕೇಳಲಿಕ್ಕೆ ತಯಾರಾದದ್ದು ಅವಳು."

ಇವರು ಮನೆದೇವರ ಪೂಜೆ ಬಿಟ್ಟರೆ ಬ್ಯಾಂಕಿನ ಲೆಕ್ಕ, ಅದು ಬಿಟ್ಟರೆ ಗಿಡ. ಕಾವ್ಯದ ಮಾತು ಇವರ ಬಾಯಲ್ಲಿ ಕೇಳಿದವಳಲ್ಲ ನಾನು.

"ಇದು ಯಾವಾಗ ಹೊಳೆಯಿತು ನಿಮಗೆ?"

"ನಾಲ್ಕೈದು ವರ್ಷ ಆಯ್ತು. ಪ್ರತಿ ಆಟಿಯಲ್ಲೂ ಹೇಳ್ತೇನೆ, ಇದೇ ರಸ್ತೆಯಲ್ಲಿ." ಎದುರಿನ ರಿಕ್ಷಾಕ್ಕೆ ದಾರಿ ಬಿಟ್ಟರು. "ನೀನು ಸುಮ್ಮನೆ ಓಡಿಸ್ತಿ. ನಾನು ಹೇಳಿದ್ದು ಪೆದ್ದು ಮಾತಾಗಿರಬೇಕು ಅಂತ ಎಣಿಸಿದೆ."

ಅಷ್ಟು ವರ್ಷವೂ ಇವರು ಕೂತದ್ದು ನನ್ನ ಎಡಗಡೆ. ಹಿಂದಿನಿಂದ ಯಾರೋ ಹಾರ್ನ್ ಮಾಡುತ್ತಿದ್ದರು, ಇವರು ಅವಸರ ಮಾಡಲಿಲ್ಲ.

ಜುಲೈ ೨೭, ಭಾನುವಾರ

ಮೂರು ನಿಘಂಟು ತೆಗೆದೆ. ಹಳೆಯ ಟಿಪ್ಪಣಿಗಳನ್ನೂ ನೋಡಿದೆ. ತಿರಸ್ಕಾರವೆಂದು ಎಲ್ಲಿಯೂ ಇಲ್ಲ. ಮೊದಲು ಯಾರಿಂದ ಕೇಳಿದೆನೋ, ನಾನೇ ಹೇಳಿದೆನೋ, ಇಷ್ಟು ಚೆನ್ನಾಗಿ ನೆನಪಿಡುವ ನನಗೆ ಅದು ಮಾತ್ರ ನೆನಪಿಗೆ ಬರುತ್ತಿಲ್ಲ. ಇವರು ಹೇಳಿದ್ದಕ್ಕೂ ಆಧಾರವಿಲ್ಲ. ಆದರೆ ತಪ್ಪೆಂದು ತೋರಿಸಲು ಬೆಳಗ್ಗಿನಿಂದ ಒಂದೂ ಸಿಕ್ಕಿಲ್ಲ.

ನಾಳೆ ಅತ್ತಾವರದ ಡಾಕ್ಟರಲ್ಲಿಗೆ ಹೋಗುವುದೆಂದಾಗಿದೆ. ಇವರ ಸಮಾಧಾನಕ್ಕೆ. ಅಲ್ಲಿಯವರೆಗೂ ಇವರೇ ಓಡಿಸಲಿ, ಹೊತ್ತಾದರೂ ಅಡ್ಡಿಯಿಲ್ಲ. ಆ ಕಾವ್ಯದಲ್ಲಿ ಇನ್ನೂ ಯಾವ ಯಾವ ಪದ್ಯ ಇವರಿಗೆ ಒಪ್ಪಿಗೆಯಿಲ್ಲವೋ, ಮೊದಲಿನಿಂದ ಕೇಳಬೇಕು.